ಬಕೆಟ್ ಒದ್ದರೆ ಸಾಯೋದ್ಯಾಕೆ?

ಪ್ರಶ್ನೆ: ಇಂಗ್ಲಿಷಿನಲ್ಲಿ ‘ಕಿಕ್ ದ ಬಕೆಟ್’ ಅಂದರೆ ಸಾಯುವುದಂತೆ. ಬಕೆಟ್ಟಿಗೂ ಸಾವಿಗೂ ಎಲ್ಲಿಂದೆಲ್ಲಿಯ ಸಂಬಂಧ?

ಬಕೆಟ್ ಅಂದ ತಕ್ಷಣ ನಮಗೆ ಬಚ್ಚಲುಮನೆಯದ್ದೇ ನೆನಪಾಗುತ್ತದೆ. ಎಡವಟ್ಟಾಗುವುದೇ ಅಲ್ಲಿ. ಇಂಗ್ಲೆಂಡಿನ ಹಳೆಯ ಆಡುಮಾತಿನಲ್ಲಿ ಈ ಪದಕ್ಕೆ ತೊಲೆ ಅನ್ನೋ ಇನ್ನೊಂದು ಅರ್ಥವೂ ಇತ್ತು. ಕಡಿಯುವ ಹಂದಿಯ ಹಿಂಗಾಲು ಕಟ್ಟಿ ತೊಲೆಗೆ ತಲೆಕೆಳಗಾಗಿ ನೇತುಹಾಕುತ್ತಿದ್ದರು. ಪ್ರಾಣ ಹೋಗುವಾಗ ಅದು ಒದ್ದಾಡಿ ಕಾಲು ತೊಲೆಗೆ ಬಡಿಯುತ್ತಿತ್ತು. ಹೆಚ್ಚಿನ ನಿಘಂಟುಗಳು ಒಲವು ತೋರುವ ವಿವರಣೆ ಇದೇ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ತಂದ ಬೀದಿಮಾತಿನ ನಿಘಂಟಿನಲ್ಲಿ ಈ ನುಡಿಗಟ್ಟು ಆಗಲೇ ಇದೆ. ತೊಲೆಯನ್ನು ಜನ ಮರೆತರು, ಒದೆ ಮಾತ್ರ ಉಳಿಯಿತು.

ಹಾಗಂತ ಎಲ್ಲ ನುಡಿಗಟ್ಟಿನ ಹಿಂದೆಯೂ ಇಂಥ ಕಥೆ ಹುಡುಕಲು ಹೋಗಬೇಡಿ. ಜೋರು ಮಳೆಗೆ ‘ಬೆಕ್ಕು ನಾಯಿ ಸುರಿಯುತ್ತಿವೆ’ ಅನ್ನುತ್ತಾರಲ್ಲ, ಅದಕ್ಕೊಂದು ಕಥೆ ಓಡಾಡುತ್ತಿರುತ್ತದೆ. ಹಿಂದೆ ಹುಲ್ಲಿನ ಚಾವಣಿಯಲ್ಲಿ ಮಲಗಿದ್ದ ಬೆಕ್ಕು ನಾಯಿಗಳು ಮಳೆ ಬಂದಾಗ ಜಾರಿ ಬೀಳುತ್ತಿದ್ದವಂತೆ! ಸುಮ್ನೆ ಕಟ್ಟಿದ ಕಥೆ. ಮಳೆ ಬಂದರೆ ಯಾವ ನಾಯಿ ತಾನೇ ಮಾಡಿನ ಮೇಲೆ ಮಲಗಿರುತ್ತದೆ? 1651ರಲ್ಲಿ ಹೆನ್ರಿ ವಾನ್ ಎಂಬ ಕವಿ ನಾಯಿ ಬೆಕ್ಕುಗಳ ಮಳೆ ಸುರಿಸಿದ್ದ. ಅದೇ ಕಾಲದ ಒಂದು ನಾಟಕದಲ್ಲಿ ಬೆಕ್ಕಿನ ಬದಲು ಮುಂಗುಸಿಯಂಥ ಪೋಲ್‌ಕ್ಯಾಟ್ ಬೀಳುತ್ತದೆ. ಪ್ರಾಣಿ ಯಾವುದಾದರೂ ನಡೆಯುತ್ತಿತ್ತು, ಮಳೆ ಜೋರಾಗಿ ಕೇಳಿಸಿದರೆ ಸಾಕಿತ್ತು.

ಸರ್ಕಾರಿ ಕಚೇರಿಗಳ ವಿಪರೀತ ವಿಧಿವಿಧಾನ, ವಿಳಂಬಕ್ಕೆ ಅನ್ನುವ ‘ರೆಡ್ ಟೇಪ್’ ಮಾತ್ರ ನೇರ. ಸರ್ಕಾರಿ ಕಾಗದಗಳ ಕಟ್ಟಿಗೆ ನಿಜವಾಗಿಯೂ ಕೆಂಪು ಪಟ್ಟಿ ಸುತ್ತುತ್ತಿದ್ದರು.

ನನಗೆ ಇದಕ್ಕಿಂತ ಮಜಾ ಅನ್ನಿಸೋದು ಬೇರೆ. ಎಷ್ಟೋ ನುಡಿಗಟ್ಟುಗಳನ್ನು ಕೊಂಚ ಅಲುಗಾಡಿಸಿದರೂ ಅರ್ಥ ಉದುರಿಹೋಗುತ್ತದೆ. ‘ಅವನು ಬಕೆಟ್ ಒದ್ದ’ ಅಂದರೆ ಇಂಗ್ಲಿಷಿನವರಿಗೆ ಅವನು ಸತ್ತ. ಅದನ್ನೇ ‘ಅವನಿಂದ ಬಕೆಟ್ ಒದೆಯಲ್ಪಟ್ಟಿತು’ ಅಂತ ತಿರುಗಿಸಿ, ಉರುಳಿದ ಬಕೆಟ್ ಒಂದೇ ಉಳಿಯುತ್ತದೆ. ನಮ್ಮಲ್ಲೂ ಹಾಗೇ ಅಲ್ವಾ? ‘ಬೈಕ್ ಕೈಕೊಟ್ಟಿತು’ ಅಂದಾಗ ಬೈಕಿಗೆ ಕೈ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ‘ಗೆಳೆಯ ಕೈಕೊಟ್ಟ’ ಅಂದರೆ ಮೋಸ. ‘ಗೆಳೆಯ ಎರಡೂ ಕೈ ಕೊಟ್ಟ’ ಅಂದು ನೋಡಿ, ಬಿದ್ದವರನ್ನು ಎತ್ತಲು ಬಂದ ಹಾಗಿರುತ್ತದೆ.