ಕುಕ್ಕರ್ ಲಂಚ, ಭರವಸೆ ನೀತಿ: 1920ರಲ್ಲಿ ಎಳೆದ ಗೆರೆ

ಮತಕ್ಕಾಗಿ ಐನೂರರ ನೋಟು ಕೊಟ್ಟರೆ ಅಪರಾಧ. ಗೆದ್ದರೆ ಮನೆಮನೆಗೂ ಹಣ ಹಾಕುತ್ತೇವೆ ಎಂದು ಪ್ರಣಾಳಿಕೆಯಲ್ಲಿ ಬರೆದರೆ ಅಲ್ಲ. ಪ್ರತಿ ಚುನಾವಣೆಯಲ್ಲೂ ಇವೆರಡನ್ನು ಕಲಸಿಯೇ ಚರ್ಚೆ ಶುರುವಾಗುತ್ತದೆ. ಗೆರೆ ಮಾತ್ರ ಶತಮಾನದಷ್ಟು ಹಳೆಯದು. 1920ರಲ್ಲಿ ದಂಡ ಸಂಹಿತೆಗೆ ಚುನಾವಣಾ ಅಪರಾಧಗಳ ಅಧ್ಯಾಯ ಸೇರಿದಾಗ 171ಬಿ ಕಲಂ ಕೊಟ್ಟವರನ್ನೂ ತೆಗೆದುಕೊಂಡವರನ್ನೂ ಅಪರಾಧಿಗಳೆಂದಿತು. ಜೊತೆಗೇ, ಸಾರ್ವಜನಿಕ ನೀತಿಯ ಘೋಷಣೆ ಲಂಚವಲ್ಲ ಎಂದೂ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂನಲ್ಲೂ ಅದೇ ವಿನಾಯಿತಿ ಉಳಿದಿದೆ.

1951ರ ಪ್ರಜಾಪ್ರತಿನಿಧಿ ಕಾಯ್ದೆ ಲಂಚವನ್ನು 'ಭ್ರಷ್ಟ ಆಚರಣೆ' ಎಂದು ಕರೆದು, ಸಾಬೀತಾದರೆ ಆಯ್ಕೆಯೇ ಅಸಿಂಧು ಎಂದಿತು. ತಮಿಳುನಾಡಿನ ಕಲರ್ ಟಿವಿ, ಮಿಕ್ಸಿಗಳ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ, 2013ರ ಬಾಲಾಜಿ ತೀರ್ಪು ಪ್ರಣಾಳಿಕೆಯ ಭರವಸೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದಿತು. ಹಾಗೆನ್ನುತ್ತಲೇ ಮಾರ್ಗಸೂಚಿ ರೂಪಿಸಲು ಚುನಾವಣಾ ಆಯೋಗಕ್ಕೂ ಸೂಚಿಸಿತು. 2022ರ ಆಗಸ್ಟ್‌ನಲ್ಲಿ ವಿಷಯವನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

ಇಷ್ಟು ಸದ್ದೆಲ್ಲ ಪ್ರಣಾಳಿಕೆಯದ್ದು. ನೋಟು, ಸೀರೆ, ಕುಕ್ಕರ್‌ಗಳ ಬಗ್ಗೆ ಕಾನೂನಿಗೆ ಯಾವ ಅನುಮಾನವೂ ಇಲ್ಲ. ಆದರೂ ಅಲ್ಲೇ ಅದು ಸೋಲುವುದು ಹೆಚ್ಚು.

ನೀತಿ ಸಂಹಿತೆ ಜಾರಿಯಾದರೆ ಚೆಕ್‌ಪೋಸ್ಟ್‌ಗಳು ಏಳುತ್ತವೆ, ಫ್ಲೈಯಿಂಗ್ ಸ್ಕ್ವಾಡ್‌ಗಳು ಓಡಾಡುತ್ತವೆ. ದಾಖಲೆಯಿಲ್ಲದೆ 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯುವವರು ಪ್ರಶ್ನೆ ಎದುರಿಸಬೇಕು. 10 ಲಕ್ಷ ದಾಟಿದರೆ ಆದಾಯ ತೆರಿಗೆ ಇಲಾಖೆಗೆ ಮಾಹಿತಿ ಹೋಗುತ್ತದೆ. ದನದ ಸಂತೆಯಿಂದ ಮರಳುವ ರೈತ, ಮದುವೆ ಜವಳಿಗೆ ಹೊರಟ ಕುಟುಂಬ ಸಿಕ್ಕಿಬೀಳುವುದು ಇಲ್ಲೇ. ಅವರು ಬ್ಯಾಂಕ್ ಚೀಟಿ ಹಿಡಿದು ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಹೋಗಬೇಕು. ಹಂಚುವ ಹಣ ಅಷ್ಟರಲ್ಲಿ ಚಿಕ್ಕ ಚಿಕ್ಕ ಕಟ್ಟುಗಳಾಗಿ ಊರು ಸೇರಿರುತ್ತದೆ. ಮತದಾರರ ಪಟ್ಟಿಯನ್ನು ಬೂತ್‌ವಾರು ಹರಿದು, ಮನೆಗೆ ಎಷ್ಟು ಮತ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡವರ ಕೈಯಲ್ಲಿ ಅದು ಇರುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ 375 ಕೋಟಿ ರೂಪಾಯಿಗೂ ಹೆಚ್ಚು ಮೌಲ್ಯದ ನಗದು, ಮದ್ಯ, ವಸ್ತುಗಳು ಸಿಕ್ಕವು. 2018ರಲ್ಲಿ ಅದು ಸುಮಾರು 84 ಕೋಟಿ. ತಪಾಸಣೆ ಬಿಗಿಯಾಯಿತೋ ಹಂಚಿಕೆ ಹಿಗ್ಗಿತೋ, ಈ ಅಂಕಿ ನೋಡಿ ಹೇಳಲಾಗದು.

ದೊಡ್ಡ ತೂತು ಇರುವುದು ತಾರೀಖಿನಲ್ಲಿ. ಅಭ್ಯರ್ಥಿಯ ಖರ್ಚಿನ ಲೆಕ್ಕ ನಾಮಪತ್ರದಿಂದ ಫಲಿತಾಂಶದವರೆಗೆ ಮಾತ್ರ. ವಿಧಾನಸಭೆಗೆ ಇಲ್ಲಿ ಮಿತಿ 40 ಲಕ್ಷ. ಹಾಗಾಗಿ ಕುಕ್ಕರ್ ಯುಗಾದಿಗೇ ಬರುತ್ತದೆ, 'ಹಬ್ಬದ ಉಡುಗೊರೆ'ಯಾಗಿ. ಟೋಕನ್ನಿನದು ಇದರ ತಿರುವುಮುರುವು: ಮೊದಲೇ ಮನೆ ಸೇರುವ ಆ ಚೀಟಿಗೆ ಸಾಮಾನು ಸಿಗುವುದು ಫಲಿತಾಂಶ ಬಂದ ಮೇಲೆ. ಕೊಡುವ ಮಾತು ಕೊಡುವುದೂ ಕಾನೂನಿನಲ್ಲಿ ಲಂಚವೇ. ಆದರೆ ಚೀಟಿಯ ಮೇಲೆ ನಂಬರು ಬಿಟ್ಟರೆ ಹೆಸರಿರುವುದಿಲ್ಲ.

ಸಿಕ್ಕಿಬಿದ್ದ ಮೇಲೂ ಪ್ರಕರಣ ನಿಲ್ಲುವುದು ಕಷ್ಟ. ಶಿಕ್ಷೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಅಥವಾ ಎರಡೂ. ಬಾಡೂಟ, ಮದ್ಯದಂಥ 'ಸತ್ಕಾರ'ವಾದರೆ ಬರೀ ದಂಡ. ಅಪರಾಧ ಅಸಂಜ್ಞೇಯವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಆರಂಭಿಸುವಂತಿಲ್ಲ. ಮತದಾನದ ಹಿಂದಿನ ರಾತ್ರಿ ಆ ಆದೇಶಕ್ಕೆ ಓಡುವವರು ಯಾರು? ಅನುಮತಿಯ ಈ ಒಂದು ಹಾಳೆ ಸರಿಯಿಲ್ಲವೆಂದೇ ಹೈಕೋರ್ಟಿನಲ್ಲಿ ಬಿದ್ದುಹೋದ ಪ್ರಕರಣಗಳು ಸಾಕಷ್ಟಿವೆ. ಉಳಿದ ದಾರಿ ಚುನಾವಣಾ ತಕರಾರು ಅರ್ಜಿ: ಫಲಿತಾಂಶದ 45 ದಿನಗಳೊಳಗೆ ಹಾಕಬೇಕು, ಹಂಚಿದವರು ಅಭ್ಯರ್ಥಿಯ ಏಜೆಂಟರು ಅಥವಾ ಅವರ ಒಪ್ಪಿಗೆಯಿಂದಲೇ ಹಂಚಿದವರು ಎಂದು ಕ್ರಿಮಿನಲ್ ಮೊಕದ್ದಮೆಯಷ್ಟೇ ಖಚಿತವಾಗಿ ತೋರಿಸಬೇಕು. ಸಾಕ್ಷಿ ಹೇಳಬೇಕಾದವರು ನೋಟು ತೆಗೆದುಕೊಂಡವರು. ಅದೇ ಕಲಂನಲ್ಲಿ ಅವರೂ ಆರೋಪಿಗಳೇ.