ದ್ವೀಪದಲ್ಲಿ ದಿನಾ ಬೇಕಾದ್ದೆಲ್ಲ ಸಿಗುತ್ತಾ? ಕೊಸುಮೆಲ್‌ನಿಂದ ಉತ್ತರ

ಓದುಗರ ಪ್ರಶ್ನೆ: ನೀವಿರೋದು ಮೆಕ್ಸಿಕೋದ ಒಂದು ದ್ವೀಪದಲ್ಲಿ. ಅಲ್ಲಿ ನೀರು, ಗ್ಯಾಸು, ತರಕಾರಿ ಎಲ್ಲ ಊರಲ್ಲೇ ಸಿಗುತ್ತಾ? ಇಲ್ಲಾ ಒಂದೊಂದಕ್ಕೂ ದೋಣಿ ಹತ್ತಿ ಆಚೆ ದಡಕ್ಕೆ ಹೋಗಬೇಕಾ? ನಾವೂ ಒಂದೆರಡು ವರ್ಷ ಬಂದು ಇರೋಣ ಅಂದುಕೊಂಡಿದ್ದೀವಿ.

ಸಿಗುತ್ತದೆ. ನೀವು ದೋಣಿ ಹತ್ತಬೇಕಾಗಿಲ್ಲ, ಸಾಮಾನೇ ದೋಣಿ ಹತ್ತಿ ಬರುತ್ತದೆ. ಆದರೆ ಸಮುದ್ರ ಒಪ್ಪಿದ ದಿನ ಮಾತ್ರ. ಐದು ವರ್ಷದ ಹಿಂದೆ ಬಂದಾಗ ನಾನು ಸ್ಪ್ಯಾನಿಷ್‌ಗಿಂತ ಮೊದಲು ಕಲಿತದ್ದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುವುದನ್ನು.

ಮೊದಲು ಊರು ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಕೊಸುಮೆಲ್ ಇರುವುದು ಮೆಕ್ಸಿಕೋದ ಪೂರ್ವದ ತುದಿಯಲ್ಲಿ, ಕೆರಿಬಿಯನ್ ಸಮುದ್ರದಲ್ಲಿ. ಸುಮಾರು 48 ಕಿಲೋಮೀಟರ್ ಉದ್ದ, 16 ಕಿಲೋಮೀಟರ್ ಅಗಲ. 2020ರ ಜನಗಣತಿಯಲ್ಲಿ ಸುಮಾರು 88 ಸಾವಿರ ಜನ ಇದ್ದರು, ಅವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಪಶ್ಚಿಮ ದಡದ ಸಾನ್ ಮಿಗೆಲ್ ಊರಿನವರೇ. ಪೂರ್ವದ ದಡಕ್ಕೆ ಕರೆಂಟ್ ಲೈನೇ ಹೋಗಿಲ್ಲ. ಅಲ್ಲಿರುವ ಕೆಲವು ಹೋಟೆಲುಗಳು ಜನರೇಟರ್, ಸೋಲಾರ್ ಇಟ್ಟುಕೊಂಡು ನಡೆಯುತ್ತವೆ, ಕತ್ತಲಾಗುವ ಮೊದಲು ಬಾಗಿಲು ಹಾಕುತ್ತವೆ. ಎದುರಿನ ದಡದ ಊರು ಪ್ಲಾಯಾ ದೆಲ್ ಕಾರ್ಮೆನ್. ಅಲ್ಲಿಂದ ಜನರ ದೋಣಿ ಮುಕ್ಕಾಲು ಗಂಟೆಯಲ್ಲಿ ಬರುತ್ತದೆ. ಪ್ಲಾಯಾಕ್ಕಿಂತ ಸ್ವಲ್ಪ ದಕ್ಷಿಣಕ್ಕೆ ಇನ್ನೊಂದು ಬಂದರು ಇದೆ. ನಮ್ಮ ಟೊಮೇಟೊ, ಹಾಲು, ಸಿಮೆಂಟು, ಹಾಸಿಗೆ, ಔಷಧಿ ಎಲ್ಲ ಲಾರಿ ಸಮೇತ ಅಲ್ಲಿಂದ ದೊಡ್ಡ ದೋಣಿ ಏರಿ ಬರುವುದು.

ನೀರಿನಿಂದ ಶುರುಮಾಡುತ್ತೇನೆ, ಯಾಕೆಂದರೆ ಎಲ್ಲರೂ ಹೆದರುವುದು ಅದಕ್ಕೇ. ಈ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿ ಇಲ್ಲ. ಕೆಳಗೆ ಪೂರ್ತಿ ಸುಣ್ಣಕಲ್ಲು, ಬಿದ್ದ ಮಳೆ ಅದರೊಳಗೆ ಸೋಸಿಕೊಂಡು ಇಳಿದುಹೋಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ ಅಲ್ವಾ, ಹಾಗಾಗಿ ದ್ವೀಪದ ನಡುವಿನ ಕಾಡಿನ ಕೆಳಗೆ ಅದು ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡು ನಿಂತಿರುತ್ತದೆ. ಊರಿನ ನಲ್ಲಿಗೆ ಬರುವುದು ಆ ನೀರು. ಒಂದೇ ಬಾವಿಯಿಂದ ಜೋರಾಗಿ ಎಳೆಯುವಂತಿಲ್ಲ, ಎಳೆದರೆ ಅಡಿಯ ಉಪ್ಪುನೀರು ಮೇಲೆ ಬಂದುಬಿಡುತ್ತದೆ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಈ ನೀರು ಸಾಕು. ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಕುಡಿಯಲು ಯಾರೂ ಬಳಸುವುದಿಲ್ಲ. ಕುಡಿಯಲು ಗರಾಫೋನ್, ಅಂದರೆ ಬೆಂಗಳೂರಲ್ಲಿ ಮನೆಮನೆಗೆ ಬರುವ ಅದೇ 20 ಲೀಟರ್ ಕ್ಯಾನು. ಬೀದಿಯಲ್ಲಿ ಟ್ರಕ್ಕಿನಿಂದ "ಆಗ್ವಾ" ಅಂತ ಕೂಗುತ್ತಾರೆ, ಖಾಲಿ ಕ್ಯಾನು ಕೊಟ್ಟು ತುಂಬಿದ್ದು ತೆಗೆದುಕೊಳ್ಳಬೇಕು.

ಮನೆಯೊಳಗಿನ ವ್ಯವಸ್ಥೆ ಕಂಡರೆ ನಮ್ಮವರಿಗೆ ಪಾಠವೇ ಬೇಡ. ನೆಲದಡಿ ಸಂಪು, ಅದಕ್ಕೆ ಇಲ್ಲಿ ಸಿಸ್ತೆರ್ನಾ ಅನ್ನುತ್ತಾರೆ. ತಾರಸಿ ಮೇಲೆ ತಿನಾಕೊ ಅನ್ನುವ ಟ್ಯಾಂಕು. ನಾವು ಯಾವ ಕಂಪನಿಯ ಟ್ಯಾಂಕಿಗೂ ಸಿಂಟೆಕ್ಸ್ ಅನ್ನುವ ಹಾಗೆ ಇಲ್ಲಿನವರು ರೊಟೊಪ್ಲಾಸ್ ಅನ್ನುತ್ತಾರೆ. ನನ್ನ ಮೊದಲ ಬಾಡಿಗೆ ಮನೆಯ ಸಂಪಿನಲ್ಲಿ, ನೀರು ತುಂಬಿದಾಗ ಮೇಲೆ ತೇಲಿ ನಲ್ಲಿ ಮುಚ್ಚುವ ಬಾಲ್‌ಗೆ ಸುಣ್ಣ ಹಿಡಿದು ಅದು ಮೇಲೇ ಸಿಕ್ಕಿಕೊಂಡಿತ್ತು. ನೀರು ಒಳಗೆ ಬರಲೇ ಇಲ್ಲ, ಪಂಪು ಒಣಗಿದ ಸಂಪಿನಲ್ಲಿ ಓಡಿ ಸುಟ್ಟುಹೋಯಿತು. ಹೊಸ ಪಂಪು ಆಚೆ ದಡದಿಂದ ಬರುವವರೆಗೆ ಆರು ದಿನ ಬಕೆಟ್ಟಿನಲ್ಲಿ ನೀರು ಹೊತ್ತೆ. ಈಗ ಎರಡು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನಾನೇ ಬಾಲ್ ಅಲ್ಲಾಡಿಸಿ ನೋಡುತ್ತೇನೆ.

ಗ್ಯಾಸಿಗೆ ತೊಂದರೆ ಇಲ್ಲ. ಚಿಕ್ಕ ಮನೆಗಳಿಗೆ ಸಿಲಿಂಡರ್. ಹಲವು ಮನೆಗಳಲ್ಲಿ ತಾರಸಿ ಮೇಲೆ ದೊಡ್ಡ ಟ್ಯಾಂಕೇ ಇರುತ್ತದೆ, ಟ್ರಕ್ ಬಂದು ಪೈಪ್ ಏರಿಸಿ ಲೀಟರ್ ಲೆಕ್ಕದಲ್ಲಿ ತುಂಬಿ ಹೋಗುತ್ತದೆ.

ಕರೆಂಟಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಲ್ಲಿ 127 ವೋಲ್ಟ್, 60 ಹರ್ಟ್ಸ್. ನಮ್ಮ 230 ವೋಲ್ಟಿನ ಮಿಕ್ಸಿಯನ್ನು ಹಾಗೇ ಹಾಕಿದರೆ ಗುಯ್ ಅನ್ನುತ್ತದೆಯೇ ಹೊರತು ಕಾಯಿ ರುಬ್ಬುವುದಿಲ್ಲ. ಅದನ್ನು ಓಡಿಸಲು ಭಾರದ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬದಲು ಅಮೆರಿಕದ ಕರೆಂಟಿಗೆ ಮಾಡಿದ 110 ವೋಲ್ಟಿನ ಮಿಕ್ಸಿ ತಂದರೆ ಇಲ್ಲಿ ನಡೆಯುತ್ತದೆ. ಇನ್ನು ಎಸಿ. ವರ್ಷದ ಬಳಕೆಯ ಸರಾಸರಿ ಒಂದು ಮಿತಿ ದಾಟಿತು ಅಂದರೆ ಮನೆಯನ್ನು 'ದಾಕ್' ಅನ್ನುವ ಹೆಚ್ಚು ಬಳಕೆಯ ದರಕ್ಕೆ ಹಾಕುತ್ತಾರೆ, ಸರ್ಕಾರದ ಸಬ್ಸಿಡಿ ಪೂರ್ತಿ ಹೋಗುತ್ತದೆ. ಅದರಿಂದ ಹೊರಬರಲು ತಿಂಗಳುಗಟ್ಟಲೆ ಕಡಿಮೆ ಬಳಸಬೇಕು. ನಾನು ರಾತ್ರಿ ಮಲಗುವ ಕೋಣೆಗೆ ಮಾತ್ರ ಎಸಿ ಹಾಕುತ್ತೇನೆ, ಹಗಲಿಗೆ ಫ್ಯಾನು.

ಈಗ ತರಕಾರಿ. ಇದನ್ನು ಬರೆಯಲು ನನಗೆ ಖುಷಿ. ಸಾನ್ ಮಿಗೆಲ್‌ನಲ್ಲಿ ಸೂಪರ್‌ಮಾರ್ಕೆಟ್‌ಗಳಿವೆ, ಆದರೆ ನಾನು ಹೋಗುವುದು ರೊಸಾದೊ ಸಾಲಾಸ್ ಬೀದಿಯ ಮಾರ್ಕೆಟ್ಟಿಗೆ, 20 ಮತ್ತು 25ನೇ ಅವೆನಿದಾಗಳ ನಡುವೆ. ಬೆಳಿಗ್ಗೆ ಹೋಗಬೇಕು. ಮೊದಲ ದಿನ ಅಲ್ಲಿ ಸೀಮೆಬದನೆಕಾಯಿ ರಾಶಿ ಕಂಡು ಆಶ್ಚರ್ಯವಾಯಿತು, ಆಮೇಲೆ ಗೊತ್ತಾಯಿತು, ಆ ಸೀಮೆಬದನೆಯ ಸೀಮೆಯೇ ಇದು! ಚಯೋತೆ ಅನ್ನುತ್ತಾರೆ, ಅದರ ತವರು ಮೆಕ್ಸಿಕೋದ ಕಡೆಯೇ. ಸಪೋಟ ಕೂಡ ಹಾಗೇ. ಈ ಯುಕಟಾನ್ ಪ್ರದೇಶದ ಕಾಡಿನ ಮರ ಅದು, ಚಿಕೊಸಪೋತೆ. ಹಿಂದೆ ಚೂಯಿಂಗ್ ಗಮ್ ಮಾಡುತ್ತಿದ್ದದ್ದು ಅದೇ ಮರದ ಹಾಲಿನಿಂದ. ಸೀತಾಫಲಕ್ಕೆ ಸರಮೂಯೊ ಅನ್ನುತ್ತಾರೆ, ಸೀಬೆಗೆ ಗ್ವಾಯಾಬಾ. ಮೆಣಸಿನಕಾಯಿ, ಟೊಮೇಟೊ, ಸಿಹಿಕುಂಬಳ, ಪರಂಗಿ, ಇವೆಲ್ಲ ಈ ಕಡೆಯಿಂದಲೇ ನಮ್ಮ ಅಡುಗೆಮನೆಗೆ ಬಂದವು. ಕೊತ್ತಂಬರಿ ಕಟ್ಟು ಕಟ್ಟಾಗಿ ಸಿಗುತ್ತದೆ. ಹುಣಸೆಹಣ್ಣು, ತೆಂಗಿನಕಾಯಿ ಇದೆ. ಪಿಲೋನ್ಸಿಯೊ ಅಂತ ಕೇಳಿದರೆ ಕೊಡುವುದು ಶಂಕುವಿನ ಹಾಗಿರುವ ಅಚ್ಚು ಬೆಲ್ಲ, ಸಾರಿಗೆ ಹಾಕಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಬಾಳೆ ಎಲೆಯೂ ಮಾರುತ್ತಾರೆ, ಅವರು ಅದರಲ್ಲಿ ಮಾಂಸ, ತಮಾಲೆಸ್ ಅನ್ನುವ ಮೆಕ್ಕೆಜೋಳದ ಕಡುಬು ಸುತ್ತಿ ಬೇಯಿಸುತ್ತಾರೆ. ನಾನು ಯುಗಾದಿಗೆ ತಂದು ಊಟಕ್ಕೆ ಹಾಕುತ್ತೇನೆ.

ತೊಗರಿಬೇಳೆ, ಉದ್ದಿನಬೇಳೆ, ರಾಗಿ, ಇಂಗು, ಕರಿಬೇವು ಇಲ್ಲಿನ ಅಂಗಡಿಗಳಲ್ಲಿ ನಾನು ಕಂಡಿಲ್ಲ. ಆನ್‌ಲೈನ್‌ನಲ್ಲಿ ತರಿಸುತ್ತೇನೆ, ಬರಲು ವಾರ ಹಿಡಿಯುತ್ತದೆ. ದಿನದ ಸಾರಿಗೆ ಇಲ್ಲಿ ಸಿಗುವ ಲೆಂತೆಹಾಸ್ ಸಾಕು, ಕಂದು ಬಣ್ಣದ ಚಪ್ಪಟೆ ಕಾಳು. ಚಪಾತಿ ಲಟ್ಟಿಸಲು ಬೇಜಾರಾದ ದಿನ ಬೀದಿ ತುದಿಯ ತೊರ್ತಿಯೆರಿಯಾಕ್ಕೆ ಹೋಗುತ್ತೇನೆ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರುಬ್ಬಿ, ತಟ್ಟಿ ಸುಟ್ಟ ರೊಟ್ಟಿ, ಕಾಗದದಲ್ಲಿ ಸುತ್ತಿ ಕಿಲೋ ಲೆಕ್ಕದಲ್ಲಿ ಬಿಸಿಬಿಸಿ ಕೊಡುತ್ತಾರೆ. ಎಣ್ಣೆಗಾಯಿಗೆ ತುಂಬಾ ಚೆನ್ನಾಗಿ ಹೊಂದುತ್ತದೆ, ಮಾಡಿ ನೋಡಿ.

ಇಷ್ಟೆಲ್ಲ ಸಿಗುತ್ತದೆ, ಆದರೆ ದಿನಾ ಎಲ್ಲ ಸಿಗುವುದಿಲ್ಲ. ಇಲ್ಲಿ ಚೀಟಿ ಬರೆದುಕೊಂಡು ಮಾರ್ಕೆಟ್ಟಿಗೆ ಹೋದರೆ ಬೇಸರವಾಗುತ್ತದೆ. ಏನು ಬಂದಿದೆ ನೋಡಿ, ಅದರ ಮೇಲೆ ಅಡುಗೆ ಯೋಚಿಸಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತರದಿಂದ ತಣ್ಣನೆ ಗಾಳಿ ಬರುತ್ತದೆ, ಅದಕ್ಕೆ ನೊರ್ತೆ ಅನ್ನುತ್ತಾರೆ. ಅಲೆ ಜಾಸ್ತಿಯಾದರೆ ಬಂದರಿನ ಅಧಿಕಾರಿಗಳು ಬಂದರು ಮುಚ್ಚುತ್ತಾರೆ. "ಪುಯೆರ್ತೊ ಸೆರ್ರಾದೊ" ಅನ್ನುವ ಮಾತು ಬೀದಿಯಲ್ಲಿ, ಫೋನಿನಲ್ಲಿ, ಅಂಗಡಿಯಲ್ಲಿ ಎಲ್ಲ ಕಡೆ ಕೇಳಿಸುತ್ತದೆ. ಜನರ ದೋಣಿಯೂ ಇಲ್ಲ, ಲಾರಿಯ ದೋಣಿಯೂ ಇಲ್ಲ.

ಒಂದು ಜನವರಿಯಲ್ಲಿ ಹೀಗೇ ಮೂರು ದಿನ ಆಯಿತು. ಮೊದಲ ದಿನ ಏನೂ ಗೊತ್ತಾಗಲಿಲ್ಲ. ಎರಡನೇ ದಿನ ಹಾಲು ಮತ್ತು ಸೊಪ್ಪು ಖಾಲಿ. ಮೂರನೇ ದಿನ ನಾನು ಹೋದಾಗ ತರಕಾರಿ ಕಪಾಟಿನಲ್ಲಿ ನಾಲ್ಕು ಈರುಳ್ಳಿ, ಮೊಳಕೆ ಬಂದ ಆಲೂಗಡ್ಡೆ, ಅಷ್ಟೇ. ಖಾಲಿ ಚೀಲ ಹಿಡಿದು ವಾಪಸ್ ಬರುವಾಗ ಪಕ್ಕದ ಮನೆಯ ಅಜ್ಜಿ ಗೇಟಿನಲ್ಲಿ ನಿಂತಿದ್ದರು. ಚೀಲ ನೋಡಿದರು, ಒಂದು ಮಾತೂ ಕೇಳಲಿಲ್ಲ, ಒಳಗೆ ಹೋಗಿ ಹಿತ್ತಲಿನ ಗಿಡದಿಂದ ಚಾಯಾ ಸೊಪ್ಪು ಮುರಿದು ತಂದರು. ಅಗಲ ಎಲೆ, ತೊಟ್ಟು ಮುರಿದ ಕಡೆ ಬಿಳಿ ಹಾಲು. "ಮಿಹಾ, ಹಸಿ ತಿನ್ನಬೇಡ, ಇಪ್ಪತ್ತು ನಿಮಿಷ ಬೇಯಿಸು" ಅಂತ ಎರಡು ಸಲ ಹೇಳಿದರು. ಮಿಹಾ ಅಂದರೆ ಮಗಳೇ. ಹಸಿ ಚಾಯಾದಲ್ಲಿ ವಿಷದ ಅಂಶ ಇರುತ್ತದೆ, ಬೇಯಿಸಿದರೆ ಹೋಗುತ್ತದೆ.

ಚೆನ್ನಾಗಿ ಬೇಯಿಸಿ ಸೊಪ್ಪಿನ ಹುಳಿ ಮಾಡಿದೆ, ಮೇಲೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ. ಒಂದು ಬಟ್ಟಲು ಅಜ್ಜಿಗೂ ಕೊಟ್ಟೆ. ಸಂಜೆ ಬಟ್ಟಲು ವಾಪಸ್ ಬಂತು, ತೊಳೆದು ಒರೆಸಿ, ಅದರೊಳಗೆ ನಾಲ್ಕು ನರಾಂಹಾ ಆಗ್ರಿಯಾ, ಹುಳಿ ಕಿತ್ತಳೆ. ಪಾತ್ರೆ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಮ್ಮ ಹೇಳುತ್ತಿದ್ದರು. ಆ ಕಿತ್ತಳೆಯ ಸಿಪ್ಪೆ ಉಗುರಿನಿಂದ ಕೆರೆದರೆ ಹೇರಳೆಕಾಯಿಯ ಪರಿಮಳ. ಮರುದಿನ ಅದರದ್ದೇ ಚಿತ್ರಾನ್ನ. ಈಗ ನಮ್ಮ ಹಿತ್ತಲಲ್ಲೂ ಚಾಯಾ ಇದೆ, ಅಜ್ಜಿ ಕೊಟ್ಟ ಒಂದು ಕಡ್ಡಿ ನೆಟ್ಟರೆ ಸಾಕಾಯಿತು.

ಚಂಡಮಾರುತದ ಕಾಲ ಬೇರೆ, ಜೂನ್ 1ರಿಂದ ನವೆಂಬರ್ 30ರವರೆಗೆ. 2005ರ ಅಕ್ಟೋಬರ್ 21ರಂದು ವಿಲ್ಮಾ ನಾಲ್ಕನೇ ದರ್ಜೆಯ ಬಲದಲ್ಲಿ ಈ ದ್ವೀಪಕ್ಕೇ ಬಡಿಯಿತು, ಬಡಿದು ಬೇಗ ಹೋಗಲೂ ಇಲ್ಲ, ಈ ಭಾಗದ ಮೇಲೆ ನಿಧಾನವಾಗಿ ಕೂತುಬಿಟ್ಟಿತು. ಪ್ರವಾಸಿ ಹಡಗುಗಳು ನಿಲ್ಲುವ ಒಂದು ಕಟ್ಟೆಯೇ ನಾಶವಾಯಿತು. ಅಂದಿನಿಂದ ಇಲ್ಲಿನವರು ಮೇ ತಿಂಗಳಲ್ಲೇ ಕಿಟಕಿಗೆ ಹೊಡೆಯುವ ಪ್ಲೈವುಡ್ ಹಲಗೆ ಎಣಿಸಿಡುತ್ತಾರೆ. ಎಚ್ಚರಿಕೆ ಐದು ಬಣ್ಣದಲ್ಲಿ ಬರುತ್ತದೆ: ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು. ಹಳದಿ ಬಂದಾಗ ಅಂಗಡಿಗೆ ಓಡಿದರೆ ಉದ್ದ ಸಾಲು. ಹಾಗಾಗಿ ನಾನು ಜೂನ್‌ಗೆ ಮೊದಲೇ ನಾಲ್ಕು ಗರಾಫೋನ್, ಅವಲಕ್ಕಿ, ಕಡಲೆಕಾಯಿ, ಬ್ಯಾಟರಿ, ಮೇಣದಬತ್ತಿ ತೆಗೆದಿಡುತ್ತೇನೆ. ಗಾಳಿ ಬರುವ ಮೊದಲು ತಾರಸಿಯ ಟ್ಯಾಂಕ್ ಕಂಠದವರೆಗೆ ತುಂಬಿಸಬೇಕು, ಖಾಲಿ ಟ್ಯಾಂಕು ಹಾರಿಹೋಗುತ್ತದೆ. ಇದನ್ನೂ ಅಜ್ಜಿಯೇ ಹೇಳಿಕೊಟ್ಟದ್ದು.

ಇನ್ನು ಪ್ರವಾಸಿ ಹಡಗುಗಳು. ಒಳ್ಳೆಯ ವರ್ಷದಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ಹಡಗಿನಲ್ಲಿ ಬಂದು ಇಳಿಯುತ್ತಾರೆ. ನಾಲ್ಕೈದು ಹಡಗು ನಿಂತ ದಿನ ಸಮುದ್ರದ ಬದಿಯ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬ್ಯಾಂಕು, ಔಷಧಿ ಕೆಲಸ ಆ ದಿನ ಬೇಡ. ಹಡಗುಗಳ ವೇಳಾಪಟ್ಟಿ ಮೊದಲೇ ಸಿಗುತ್ತದೆ, ನೋಡಿಕೊಂಡು ಹೊರಡಬಹುದು.

ಆಚೆ ದಡಕ್ಕೆ ಹೋಗಲೇಬೇಕಾದ ಕೆಲಸಗಳೂ ಇವೆ ಅನ್ನಿ. ದೊಡ್ಡ ಕಾಯಿಲೆಗೆ ವಿಶೇಷ ವೈದ್ಯರು ಬೇಕಾದರೆ ಕ್ಯಾನ್‌ಕುನ್ ಅಥವಾ ಮೆರಿದಾ ನಗರಕ್ಕೆ ಹೋಗಬೇಕು. ಕೆಲವು ಯಂತ್ರಗಳ ಬಿಡಿಭಾಗಕ್ಕೂ ಅಲ್ಲಿಗೇ. ದ್ವೀಪದವರಿಗೆ ದೋಣಿಯಲ್ಲಿ ಕಡಿಮೆ ದರ ಇದೆ, ಇಲ್ಲಿ ವಾಸ ಇರುವ ಪುರಾವೆ ಸಿಕ್ಕ ಕೂಡಲೇ ಅದನ್ನು ಮಾಡಿಸಿಕೊಳ್ಳಿ. ಒಂದೆರಡು ವರ್ಷ ಇರುವ ಯೋಚನೆ ಇದ್ದರೆ ಟೂರಿಸ್ಟ್ ಆಗಿ ಬಂದು ನೋಡೋಣ ಅನ್ನಬೇಡಿ. ಹಾಗೆ ಬಂದವರಿಗೆ ಹೆಚ್ಚೆಂದರೆ 180 ದಿನ. ಹೊರಡುವ ಮೊದಲೇ ಭಾರತದಲ್ಲಿರುವ ಮೆಕ್ಸಿಕೋ ರಾಯಭಾರ ಕಚೇರಿಯಲ್ಲಿ ತಾತ್ಕಾಲಿಕ ನಿವಾಸದ ವೀಸಾ ತೆಗೆದುಕೊಳ್ಳಬೇಕು, ಬಂದ ಮೇಲೆ 30 ದಿನದೊಳಗೆ ಅದನ್ನು ಕಾರ್ಡ್ ಮಾಡಿಸುವ ಅರ್ಜಿ ಹಾಕಬೇಕು.

ಸ್ಟೀಲ್ ಪಾತ್ರೆ ಒಳ್ಳೆಯದು ತನ್ನಿ. ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಚರ್ಮದ ಬೆಲ್ಟು, ಚಪ್ಪಲಿ ಬೂಷ್ಟು ಹಿಡಿಯುತ್ತವೆ, ಮಂಗಳೂರು ಕಡೆಯವರಿಗೆ ಇದು ಹೊಸದಲ್ಲ. ಗಿಡ, ಬಿತ್ತನೆ ಬೀಜ ತರಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ. ಮೊದಲ ತಿಂಗಳ ಬಾಡಿಗೆ ಕೊಡುವ ಮುಂಚೆ ಓನರ್ ಹತ್ತಿರ ಸಂಪಿನ ಮುಚ್ಚಳ ತೆಗೆಸಿ, ಬಾಲ್ ಕೈಯಿಂದ ಒತ್ತಿ ನೋಡಿ. ನೀರು ಬಂದರೆ ಆ ಮನೆ ಹಿಡಿಯಿರಿ.