ಥೈರಾಯ್ಡ್ ಸ್ಕ್ಯಾನ್ ನೋಡುವುದು ಆಕಾರವನ್ನಲ್ಲ, ಕೆಲಸವನ್ನು

ಎದೆ ಡವಡವ, ಕೈನಡುಕ, ಹೊಟ್ಟೆ ತುಂಬ ಉಂಡರೂ ಇಳಿಯುವ ತೂಕ; ರಕ್ತಪರೀಕ್ಷೆಯಲ್ಲಿ ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಕುಸಿದು, ಥೈರಾಯ್ಡ್ ಹಾರ್ಮೋನಾದ ಟಿ4 ಏರಿದೆ. ಹಾರ್ಮೋನ್ ಹೆಚ್ಚಿದೆಯೆಂಬುದು ಇಷ್ಟರಿಂದ ತಿಳಿಯಿತೇ ಹೊರತು, ಥೈರಾಯ್ಡ್ ಗ್ರಂಥಿ ಅದನ್ನು ಮಿತಿಮೀರಿ ತಯಾರಿಸುತ್ತಿದೆಯೋ ಅಥವಾ ಉರಿಯೂತಕ್ಕೆ ಸಿಕ್ಕಿ ಕೂಡಿಟ್ಟದ್ದನ್ನು ಸೋರಿಸುತ್ತಿದೆಯೋ ಎಂಬುದು ತಿಳಿಯಲಿಲ್ಲ. ಫಸಲು ಹೆಚ್ಚಿ ಸಂತೆಗೆ ಬಂದ ಕಾಳಿಗೂ ಕಣಜ ಒಡೆದು ಹೊರಚೆಲ್ಲಿದ ಕಾಳಿಗೂ ನೋಟದಲ್ಲಿ ವ್ಯತ್ಯಾಸವಿರುವುದಿಲ್ಲ. ಗ್ರೇವ್ಸ್ ಕಾಯಿಲೆಯಲ್ಲಿ ಆಗುವುದು ಮೊದಲನೆಯದು. ಅದಕ್ಕೆ ಉತ್ಪಾದನೆಯನ್ನು ತಡೆಯುವ ಕಾರ್ಬಿಮಜೋಲ್‌ನಂಥ ಮಾತ್ರೆ ಬೇಕು. ಥೈರಾಯ್ಡೈಟಿಸ್‌ನಲ್ಲಿ, ಅಂದರೆ ಗ್ರಂಥಿಯ ಉರಿಯೂತದಲ್ಲಿ, ಆಗುವುದು ಎರಡನೆಯದು. ಅಲ್ಲಿ ಆ ಮಾತ್ರೆಯಿಂದ ಪ್ರಯೋಜನವಿಲ್ಲ.

ಇವೆರಡನ್ನೂ ಬೇರ್ಪಡಿಸುವ ಉಪಾಯ ಸೊಗಸಾಗಿದೆ. ಥೈರಾಯ್ಡ್ ಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನ್, ಸೋಡಿಯಂ ಒಳನುಗ್ಗುವ ರಭಸವನ್ನೇ ಬಳಸಿಕೊಂಡು, ಎರಡೆರಡು ಸೋಡಿಯಂ ಅಯಾನುಗಳ ಜೊತೆಗೆ ಹಾರ್ಮೋನ್ ತಯಾರಿಗೆ ಬೇಕಾದ ಒಂದೊಂದು ಅಯೋಡೈಡನ್ನು (ಅಯೋಡಿನ್ ಅಯಾನು) ಒಳಗೆಳೆಯುತ್ತದೆ. ಗಾತ್ರದಲ್ಲೂ ವಿದ್ಯುದಾವೇಶದಲ್ಲೂ ಅಯೋಡೈಡನ್ನು ಹೋಲುವ, ಟೆಕ್ನೀಶಿಯಂ ಲೋಹವಿರುವ ಅಯಾನಾದ ಪರ್‌ಟೆಕ್ನೆಟೇಟ್ ಎದುರಾದರೆ ಈ ಪ್ರೋಟೀನ್ ಮೋಸಹೋಗಿ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಅದರಲ್ಲಿರುವ ಟೆಕ್ನೀಶಿಯಂ-99ಎಂ ವಿಕಿರಣ ಸೂಸುತ್ತದೆ. ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಹಿಡಿಯುವ ಕಾಲ, 6 ಗಂಟೆ. ಇದನ್ನು ರಕ್ತನಾಳಕ್ಕೆ ಚುಚ್ಚಿ ಸುಮಾರು 20 ನಿಮಿಷಗಳ ನಂತರ ಆ ವಿಕಿರಣವನ್ನು ಚಿತ್ರವಾಗಿಸುವ ಗಾಮಾ ಕ್ಯಾಮೆರಾವನ್ನು ಕತ್ತಿನೆದುರು ಹಿಡಿದರೆ, ಗ್ರೇವ್ಸ್ ರೋಗಿಯಲ್ಲಿ ಇಡೀ ಗ್ರಂಥಿ ಚಿಟ್ಟೆಯಾಕಾರದಲ್ಲಿ ಗಾಢವಾಗಿ ಮೂಡುತ್ತದೆ. ಉರಿಯೂತವಿದ್ದವರಲ್ಲಿ ಕೋಶಗಳು ಅದನ್ನು ಹೀರಿಕೊಳ್ಳದ ಕಾರಣ, ಗ್ರಂಥಿ ಇದ್ದೂ ಚಿತ್ರದಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ.

ಈ ಯೋಚನೆಯ ಬೇರು ಬಾಸ್ಟನ್ನಿನಲ್ಲಿದೆ. 1936ರಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಅವರ ಉಪನ್ಯಾಸ ಕೇಳಿದ ವೈದ್ಯ ಸಾಲ್ ಹರ್ಟ್ಸ್, ಅಯೋಡಿನನ್ನು ಕೃತಕವಾಗಿ ವಿಕಿರಣಶೀಲಗೊಳಿಸಬಹುದೇ ಎಂದು ವಿಚಾರಿಸಿದರು. ಮರುವರ್ಷವೇ ಮೊಲಗಳ ಮೇಲೆ ಪ್ರಯೋಗ ಆರಂಭವಾಯಿತು. ಆಗ ದೊರೆತ ಅಯೋಡಿನ್-128ರ ಅರ್ಧಾಯುಷ್ಯ ಬರೀ 25 ನಿಮಿಷ. 1938ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳಾದ ಲಿವಿಂಗುಡ್ ಮತ್ತು ಸೀಬೋರ್ಗ್ 8 ದಿನ ಅರ್ಧಾಯುಷ್ಯದ ಅಯೋಡಿನ್-131ನ್ನು ಕಂಡುಹಿಡಿದ ಮೇಲೆ ದಾರಿ ಸುಗಮವಾಯಿತು.

ಹಾಗೆಂದು ಥೈರಾಯ್ಡ್ ತೊಂದರೆಯೆಂದರೆ ಮೊದಲು ಸ್ಕ್ಯಾನ್ ಎಂದು ಓಡುವ ಇಂದಿನ ಆತುರವನ್ನು ಒಪ್ಪಲಾಗದು. ಹಾರ್ಮೋನ್ ಕಡಿಮೆಯಾದವರಲ್ಲಿ ಸಾಮಾನ್ಯವಾಗಿ ರಕ್ತಪರೀಕ್ಷೆಯೇ ಸಾಕು. ಯಾವ ತೊಂದರೆಯೂ ಇಲ್ಲದವರ ಕತ್ತನ್ನು ಅಲ್ಟ್ರಾಸೌಂಡಿನಲ್ಲಿ ಜಾಲಾಡಿದ ದಕ್ಷಿಣ ಕೊರಿಯಾದಲ್ಲಿ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ಕ್ಕಿಂತ 15 ಪಟ್ಟಾಯಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಂದೂ ಕಾಡದೆ ಉಳಿಯುತ್ತಿದ್ದ ಗಂಟುಗಳಿಗಾಗಿ ಎಷ್ಟೋ ಮಂದಿ ಗ್ರಂಥಿಯನ್ನೇ ಕಳೆದುಕೊಂಡು ಜೀವಮಾನವಿಡೀ ಮಾತ್ರೆ ನುಂಗುವಂತಾಯಿತು.

ಅಗತ್ಯವಿದ್ದೇ ಗಾಮಾ ಸ್ಕ್ಯಾನ್ ಮಾಡಿಸುವವರು ಒಂದು ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕೆಲವು ವಾರಗಳ ಹಿಂದೆ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಚುಚ್ಚಿಸಿಕೊಂಡು ಸಿಟಿ ಸ್ಕ್ಯಾನ್ ಮಾಡಿಸಿದ್ದರೆ, ಅಯೋಡಿನ್ ತುಂಬಿಕೊಂಡ ಗ್ರಂಥಿ ಹೊಸದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಗ ಗ್ರೇವ್ಸ್ ಕಾಯಿಲೆಯೂ ಚಿತ್ರದಲ್ಲಿ ಥೈರಾಯ್ಡೈಟಿಸ್‌ನಂತೆ ಕಂಡೀತು.